ವೀಸಾಕ್ಕಿಂತ ಮೊದಲು ಉದ್ರಿ ಪುಸ್ತಕ

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಪಂಪಿನ ಬಿಡಿಭಾಗ ತಯಾರಿಸುವ, ನಾನು ಲೆಕ್ಕಪತ್ರ ನೋಡುವ ಕಕ್ಷಿದಾರರೊಬ್ಬರು ಕಳೆದ ವರ್ಷ ಕಚೇರಿಗೆ ಬಂದರು. ಕೈಯಲ್ಲಿ ದುಬೈ ಏಜೆಂಟನೊಬ್ಬ ಕೊಟ್ಟ ಹೊಳಪು ಕಾಗದದ ಪುಸ್ತಿಕೆ. "ಸರ್, ಇಲ್ಲೇ ಇದ್ದರೆ ಇನ್ನು ಹತ್ತು ವರ್ಷಕ್ಕೂ ಇದೇ ಶೆಡ್ಡು. ಅಲ್ಲಿ ಕಂಪನಿ ತೆರೆದರೆ ತೆರಿಗೆಯೂ ಇಲ್ಲವಂತೆ" ಎಂದರು.

ತೆರಿಗೆಯ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. 2023ರ ಜೂನ್‌ನಿಂದ ಯುಎಇಯಲ್ಲೂ ಲಾಭ 3.75 ಲಕ್ಷ ದಿರ್ಹಮ್ ದಾಟಿದರೆ, ದಾಟಿದ ಭಾಗಕ್ಕೆ ಶೇ 9ರಷ್ಟು ಕಂಪನಿ ತೆರಿಗೆ ಇದೆ. ಕಂಪನಿ ಅಲ್ಲಿರಲಿ, ಯಜಮಾನಿಕೆ ಇಲ್ಲಿಂದ ನಡೆಯಲಿ ಎನ್ನುವ ಜಾಣತನಕ್ಕೂ ಮದ್ದಿದೆ. ಭಾರತದಲ್ಲಿ 15 ಲಕ್ಷ ರೂಪಾಯಿಗಿಂತ ಹೆಚ್ಚು ಆದಾಯವಿದ್ದು, ಬೇರಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಯನ್ನು 2020ರ ತಿದ್ದುಪಡಿಯ ನಂತರ ಇಲ್ಲಿನ ನಿವಾಸಿ ಎಂದೇ ಎಣಿಸುತ್ತಾರೆ. ಇಲ್ಲಿಂದ ನಿಯಂತ್ರಿಸುವ ವಿದೇಶಿ ವ್ಯವಹಾರದ ಲಾಭವೂ ಆಗ ತೆರಿಗೆಗೆ ಸಿಗುತ್ತದೆ. ಬರೀ ತೆರಿಗೆಗೆ ಹೆದರಿ ಊರು ಬಿಡುವವರಿಗೆ ನಾನು ಸಾಮಾನ್ಯವಾಗಿ ಚಹಾ ಕುಡಿಸಿ ಕಳುಹಿಸುತ್ತೇನೆ.

ಪುಸ್ತಿಕೆಯನ್ನು ಬದಿಗಿಟ್ಟು ಅವರ ಖಾತೆ ತೆಗೆಸಿದೆ. ಉಕ್ಕಿನ ಸಾಹುಕಾರರ ಪುಟದಲ್ಲಿ 22 ಲಕ್ಷ ರೂಪಾಯಿ ಬಾಕಿ, ವಾಯಿದೆ 60 ದಿನ. ಕರಾರಿಲ್ಲ, ಬಡ್ಡಿಯಿಲ್ಲ, ಜಾಮೀನಿಲ್ಲ. ಫೋನು ಮಾಡಿದರೆ ಸಂಜೆಯೊಳಗೆ ಸರಳುಗಳು ಶೆಡ್ಡಿನ ಬಾಗಿಲಿಗೆ ಬರುತ್ತವೆ. ಇಷ್ಟೇ ಹಣವನ್ನು ಬ್ಯಾಂಕಿನಿಂದ ತಂದಿದ್ದರೆ ಶೇ 10ರ ಲೆಕ್ಕ ಹಿಡಿದರೂ ವರ್ಷಕ್ಕೆ 2.2 ಲಕ್ಷ ಬಡ್ಡಿ. ನಮ್ಮ ಲೆಕ್ಕಶಾಸ್ತ್ರದ ವಿಚಿತ್ರ ನೋಡಿ: ಆ 22 ಲಕ್ಷ ಬ್ಯಾಲೆನ್ಸ್ ಶೀಟಿನಲ್ಲಿ ಸಾಲದ ಕಡೆ ಕೂರುತ್ತದೆ, ಅದನ್ನು ಹುಟ್ಟಿಸಿದ ಹನ್ನೆರಡು ವರ್ಷಗಳ ಹೆಸರು ಆಸ್ತಿಯ ಕಡೆ ಎಲ್ಲೂ ಕಾಣುವುದಿಲ್ಲ. ವಿಮಾನ ಹತ್ತಿದವರು ಯಂತ್ರವನ್ನು ಮಾರಿ ಹಣ ಒಯ್ಯಬಹುದು, ಈ ಹೆಸರನ್ನು ಒಯ್ಯಲಾರರು. ಇವರ ಸರಕು ಕೊಳ್ಳುವವರೂ ಹೆಚ್ಚಾಗಿ ಬೆಳಗಾವಿ, ಕೊಲ್ಹಾಪುರದವರೇ.

ಹಾಗೆಂದು ಊರಲ್ಲೇ ಉಳಿಯಿರಿ ಎಂದು ಎಲ್ಲರಿಗೂ ಹೇಳುವವನಲ್ಲ ನಾನು. ಹುಬ್ಬಳ್ಳಿಯಲ್ಲೇ ಹುಟ್ಟಿದ ಗುರುರಾಜ ದೇಶಪಾಂಡೆಯವರು 1973ರಲ್ಲಿ ಮದ್ರಾಸ್ ಐಐಟಿ ಮುಗಿಸಿ ಕೆನಡಾಕ್ಕೆ ಹೋದರು. ಅಲ್ಲಿ ಓದಿ, ಸಂಬಳಕ್ಕೆ ದುಡಿದು, ಅಮೆರಿಕಕ್ಕೆ ದಾಟಿ, ದೂರಸಂಪರ್ಕ ಉಪಕರಣದ ಕ್ಯಾಸ್ಕೇಡ್ ಕಮ್ಯುನಿಕೇಷನ್ಸ್ ಕಂಪನಿ ಕಟ್ಟಿದ್ದು 1990ರಲ್ಲಿ. ಅದು 1997ರಲ್ಲಿ 370 ಕೋಟಿ ಡಾಲರಿಗೆ ಮಾರಾಟವಾದದ್ದನ್ನು ಎಲ್ಲರೂ ಹೇಳುತ್ತಾರೆ, ಊರು ಬಿಟ್ಟದ್ದಕ್ಕೂ ಕಂಪನಿ ಕಟ್ಟಿದ್ದಕ್ಕೂ ನಡುವಿನ 17 ವರ್ಷಗಳನ್ನು ಯಾರೂ ಎಣಿಸುವುದಿಲ್ಲ. ಅವರ ಉಪಕರಣ ಕೊಳ್ಳುವ ದೂರಸಂಪರ್ಕ ಕಂಪನಿಗಳು ಅಲ್ಲಿದ್ದವು; ಆ ಕಾಲದ ಹುಬ್ಬಳ್ಳಿಯಲ್ಲಿ ಕುಳಿತು ಅದನ್ನು ಮಾರುವ ಮಾತೇ ಇರಲಿಲ್ಲ. ಗದಗಿನ ವಿಜಯ ಸಂಕೇಶ್ವರರು 1976ರಲ್ಲಿ ಒಂದು ಲಾರಿಯಿಂದ ಶುರುಮಾಡಿ, ಹುಬ್ಬಳ್ಳಿಗೆ ನೆಲೆ ಬದಲಿಸಿದರು. ದೂರ ಸುಮಾರು 60 ಕಿಲೋಮೀಟರ್. ಸರಕು ಸಾಗಣೆಗೆ ಅಷ್ಟು ವಲಸೆ ಸಾಕಾಗಿತ್ತು.

ಮೂರು ವರ್ಷದ ಹಿಂದೆ ಧಾರವಾಡದ ಹುಡುಗಿಯೊಬ್ಬಳಿಗೆ ಹೊರಡು ಎಂದೇ ಹೇಳಿದ್ದೆ. ಅವಳ ತಂತ್ರಾಂಶಕ್ಕೆ ಅಮೆರಿಕದ ಆಸ್ಪತ್ರೆಗಳೇ ಗಿರಾಕಿ. ಆದರೆ ಅಲ್ಲಿ ನೌಕರಿಯ ಮೂಲಕ ಹೋದವರು ನೌಕರರಾಗಿಯೇ ಇರಬೇಕಾಗುತ್ತದೆ. ಹಾಗೆ ಹೋಗುವವರಿಗೆ ಕೊಡುವ ಎಚ್-1ಬಿ ವೀಸಾ, ಅರ್ಜಿ ಹಾಕಿದ ಉದ್ಯೋಗದಾತನಿಗೆ ಅಂಟಿಕೊಂಡದ್ದು. ರಾತ್ರಿ ಹೊತ್ತು ಸ್ವಂತ ಕಂಪನಿಗೆ ದುಡಿಯಬೇಕೆಂದರೂ ಆ ಕಂಪನಿ ಬೇರೆಯೇ ಅರ್ಜಿ ಹಾಕಬೇಕು. ಬಂಡವಾಳ ಹೂಡುವವರಿಗೆ ಕೊಡುವ ಇ-2 ವೀಸಾ ಒಪ್ಪಂದ ಮಾಡಿಕೊಂಡ ದೇಶದವರಿಗೆ ಮಾತ್ರ, ಭಾರತ ಆ ಪಟ್ಟಿಯಲ್ಲಿಲ್ಲ. ಅವಳು ಇನ್ನೂ ಸಂಬಳದಲ್ಲಿದ್ದಾಳೆ. ಆಗಾಗ ಫೋನು ಮಾಡುತ್ತಾಳೆ, ದನಿಯಲ್ಲಿ ಬೇಸರವಿಲ್ಲ, ಅವಸರವಿದೆ.

ಹೊರಡುವವರು ಮರೆಯುವ ಸಣ್ಣ ಸಂಗತಿಗಳೂ ಇವೆ. ಭಾರತದ ಪ್ರತಿ ಕಂಪನಿಗೆ ವರ್ಷದಲ್ಲಿ 182 ದಿನವಾದರೂ ದೇಶದಲ್ಲಿರುವ ಒಬ್ಬ ನಿರ್ದೇಶಕ ಬೇಕು. ಅವಸರದಲ್ಲಿ ಹೆಂಡತಿಯ ಹೆಸರು ಸೇರಿಸಿ, ಆರು ತಿಂಗಳಿಗೆ ಅವರನ್ನೂ ಕರೆಸಿಕೊಂಡು ತೊಡಕಿಗೆ ಸಿಕ್ಕವರನ್ನು ಕಂಡಿದ್ದೇನೆ. ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ, ಅಂದರೆ ಅನಿವಾಸಿಗಳು ಇಲ್ಲಿ ಇಡುವ ರೂಪಾಯಿ ಖಾತೆಯಾಗಿ, ಬದಲಿಸಬೇಕು. ಇರುವ ಹೊಲ ಉಳಿಯುತ್ತದೆ, ಹೊಸದಾಗಿ ಕೃಷಿಭೂಮಿ ಕೊಳ್ಳುವಂತಿಲ್ಲ. ನಮ್ಮ ಕಡೆಯವರಿಗೆ ಕೊನೆಯದೇ ಹೆಚ್ಚು ಚುಚ್ಚುತ್ತದೆ.

ಗೋಕುಲ ರಸ್ತೆಯವರು ಯೋಚಿಸುತ್ತೇನೆ ಎಂದು ಹೋದರು. ಮೂರು ವಾರದ ನಂತರ ಉಕ್ಕಿನ ಸಾಹುಕಾರರ ಫೋನು ಬಂತು. "ಸರ್, ಅವರು ದುಬೈಗೆ ಹೊರಟಿದ್ದಾರಂತೆ, ಹೌದೇ?" ಇನ್ನೊಬ್ಬ ಕಕ್ಷಿದಾರರ ವಿಷಯ ನಾನು ಹೇಳುವಂತಿಲ್ಲ ಎಂದೆ. ಸಾಹುಕಾರರು ತುಸು ಹೊತ್ತು ಸುಮ್ಮನಿದ್ದು, "ಆಗಲಿ" ಎಂದಷ್ಟೇ ಹೇಳಿ ಇಟ್ಟರು. ಮುಂದಿನ ತಿಂಗಳ ಲೆಕ್ಕ ನನ್ನ ಮೇಜಿಗೆ ಬಂದಾಗ ಆ ಪುಟದಲ್ಲಿ ವಾಯಿದೆ 15 ದಿನಕ್ಕೆ ಇಳಿದಿತ್ತು. ನಮ್ಮ ಕಕ್ಷಿದಾರರು ಇನ್ನೂ ಪಾಸ್‌ಪೋರ್ಟ್ ನವೀಕರಣಕ್ಕೂ ಅರ್ಜಿ ಹಾಕಿರಲಿಲ್ಲ.