ಪದ ಪರಿಚಯ: ಮೀನಿನ ಭ್ರೂಣದ ವಿಷ ಪರೀಕ್ಷೆ

ಬಣ್ಣದ ರಾಸಾಯನಿಕಗಳ ಕುರಿತ ವರದಿಗಳಲ್ಲಿ ‘ಎಫ್‌ಇಟಿ ಮಾಡಿದೆವು, ಎಲ್‌ಸಿ50 ಇಷ್ಟು ಬಂತು’ ಎಂಬಂಥ ಸಾಲು ಆಗಾಗ ಕಾಣುತ್ತದೆ. ಎಫ್‌ಇಟಿ ಅಂದರೆ ಫಿಶ್ ಎಂಬ್ರಿಯೊ ಟಾಕ್ಸಿಸಿಟಿ, ಮೀನಿನ ಭ್ರೂಣದ ಮೇಲೆ ಮಾಡುವ ವಿಷ ಪರೀಕ್ಷೆ. ಎಲ್‌ಸಿ50 ಅದರಿಂದ ಸಿಗುವ ಸಂಖ್ಯೆ, ಅದಕ್ಕೆ ಆಮೇಲೆ ಬರೋಣ. ಆಗಷ್ಟೇ ಫಲಿತವಾದ ಮೊಟ್ಟೆಗಳನ್ನು ಬಣ್ಣ ಬೆರೆಸಿದ ನೀರಿನಲ್ಲಿ ಇಡುತ್ತಾರೆ. ಒಳಗಿನ ಮರಿ ಬದುಕಿ ಬೆಳೆಯುತ್ತದೋ ಇಲ್ಲವೋ ಎಂದು 96 ಗಂಟೆ, ಅಂದರೆ ನಾಲ್ಕು ದಿನ, ಕಾದು ನೋಡುತ್ತಾರೆ. ನೀರಿನ ಬಣ್ಣ ನೋಡಿ ವಿಷ ಎಷ್ಟಿದೆ ಅಂತ ಹೇಳೋಕಾಗಲ್ಲ. ಅದಕ್ಕೇ ಮೊಟ್ಟೆಯನ್ನು ಕೇಳುವುದು.

ಯಾವ ಮೀನು? ಸಾಮಾನ್ಯವಾಗಿ ಜೀಬ್ರಾ ಮೀನು. ಬೆರಳಿಗಿಂತ ಚಿಕ್ಕದು, ಮೈಯುದ್ದಕ್ಕೂ ನೀಲಿ ಪಟ್ಟೆ. ಮೂಲ ದಕ್ಷಿಣ ಏಷ್ಯಾ. 1822ರಲ್ಲಿ ಫ್ರಾನ್ಸಿಸ್ ಹ್ಯಾಮಿಲ್ಟನ್ ಇದನ್ನು ಮೊದಲು ವಿವರಿಸಿದರು. ಪ್ರಯೋಗಾಲಯದಲ್ಲಿ ಬೆಳಿಗ್ಗೆ ದೀಪ ಹಾಕಿದ ಅರ್ಧ ಗಂಟೆಯೊಳಗೆ ಮೊಟ್ಟೆ ಇಟ್ಟು ಮುಗಿಸುತ್ತವೆ. ಇಟ್ಟ ಮೊಟ್ಟೆಯನ್ನು ಅಪ್ಪ ಅಮ್ಮನೇ ತಿಂದುಬಿಡುತ್ತವೆ. ಹಾಗಾಗಿ ತೊಟ್ಟಿಯ ತಳದಲ್ಲಿ ಜಾಲರಿ ಇಟ್ಟಿರುತ್ತಾರೆ. ಮೊಟ್ಟೆ ಜಾಲರಿಯ ಕೆಳಗೆ ಜಾರಿಹೋಗುತ್ತದೆ, ಮೀನಿನ ಬಾಯಿಗೆ ಸಿಗುವುದಿಲ್ಲ.

ಈ ಮೀನನ್ನೇ ಆರಿಸಿಕೊಳ್ಳಲು ದೊಡ್ಡ ಕಾರಣ, ಮೊಟ್ಟೆ ಗಾಜಿನ ಹಾಗೆ ಇದೆ. ಸುಮಾರು ಒಂದು ಮಿಲಿಮೀಟರ್ ಅಗಲದ ಉರುಟು ಗುಳ್ಳೆ. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಳಗೆ ನಡೆಯುವುದೆಲ್ಲ ಕಾಣುತ್ತದೆ. ಮುಕ್ಕಾಲು ಗಂಟೆಗೆ ಒಂದು ಕೋಶ ಎರಡಾಗುತ್ತದೆ. ಒಂದು ದಿನ ಕಳೆಯುವಷ್ಟರಲ್ಲಿ ಬಾಲ ಮಿಸುಕಾಡುತ್ತದೆ, ಎದೆ ಬಡಿದುಕೊಳ್ಳಲು ಶುರುವಾಗುತ್ತದೆ. ಮೂರನೇ ದಿನದ ಹೊತ್ತಿಗೆ ಮೊಟ್ಟೆ ಒಡೆದು ಮರಿ ಹೊರಗೆ ಬರುತ್ತದೆ. ನಮಗೆ ತಿಂಗಳುಗಟ್ಟಲೆ ಹಿಡಿಯುವ ಕೆಲಸವನ್ನು ಇದು ವಾರದೊಳಗೆ, ಅದೂ ಕಣ್ಣೆದುರೇ, ಮಾಡಿ ತೋರಿಸುತ್ತದೆ.

ಈಗ ಪರೀಕ್ಷೆಗೆ ಬರೋಣ. ಹಲವು ದೇಶಗಳ ಆರ್ಥಿಕ ಸಹಕಾರ ಸಂಸ್ಥೆಯಾದ ಒಇಸಿಡಿ 2013ರಲ್ಲಿ ಇದಕ್ಕೆ 236ನೇ ಮಾರ್ಗಸೂಚಿ ತಂದಿತು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 24 ಗುಳಿಗಳು. ಒಂದೊಂದು ಗುಳಿಗೆ ಒಂದೊಂದೇ ಮೊಟ್ಟೆ. ಇಪ್ಪತ್ತಕ್ಕೆ ಬಣ್ಣದ ನೀರು, ನಾಲ್ಕಕ್ಕೆ ಶುದ್ಧ ನೀರು. ಇಂಥ ಐದು ತಟ್ಟೆ, ಐದು ಪ್ರಮಾಣದ ಬಣ್ಣ, ತೆಳುವಿನಿಂದ ಗಾಢದವರೆಗೆ. ಇವುಗಳ ಜೊತೆಗೆ ಬರೀ ಶುದ್ಧ ನೀರಿನದೇ ಒಂದು ತಟ್ಟೆ. ಉಷ್ಣತೆ 26 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರಬೇಕು. ದಿನಕ್ಕೊಮ್ಮೆ ಎಲ್ಲವನ್ನೂ ನೋಡಿ ಬರೆದಿಡಬೇಕು.

ಸಾವು ಅಂತ ಬರೆಯಲು ನಾಲ್ಕು ಗುರುತುಗಳಿವೆ. ಮೊಟ್ಟೆ ಹೆಪ್ಪುಗಟ್ಟಿದ್ದು ಒಂದು: ಬರಿಗಣ್ಣಿಗೆ ಹಾಲಿನ ಬಿಳುಪು, ಸೂಕ್ಷ್ಮದರ್ಶಕದಲ್ಲಿ ಕಪ್ಪು. ಬೆನ್ನಿನುದ್ದಕ್ಕೂ ಗಿಣ್ಣುಗಿಣ್ಣಾಗಿ ಮೂಡಬೇಕಾದ ಸೊಮೈಟ್‌ಗಳು ಮೂಡದೇ ಹೋದರೆ ಇನ್ನೊಂದು. ಬಾಲದ ಮೊಗ್ಗು ಮರಿಯ ಆಹಾರವಿರುವ ಹಳದಿ ಚೀಲದಿಂದ ಬಿಡಿಸಿಕೊಳ್ಳದಿದ್ದರೆ ಮತ್ತೊಂದು. ಕೊನೆಯದು, 48 ಗಂಟೆಯ ನಂತರವೂ ಎದೆಬಡಿತ ಕಾಣದಿರುವುದು. ನಾಲ್ಕರಲ್ಲಿ ಯಾವುದೇ ಒಂದು ಕಂಡರೂ ಆ ಭ್ರೂಣ ಸತ್ತ ಲೆಕ್ಕಕ್ಕೆ ಸೇರುತ್ತದೆ.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಅಡ್ಡ ತಪಾಸಣೆ. ಮತ್ತೊಂದು ತಟ್ಟೆಯಲ್ಲಿ 3,4-ಡೈಕ್ಲೋರೋಅನಿಲಿನ್ ಎಂಬ ಗೊತ್ತಿರುವ ವಿಷವನ್ನು ಲೀಟರಿಗೆ 4 ಮಿಲಿಗ್ರಾಂ ಹಾಕಿರುತ್ತಾರೆ. ಅಲ್ಲಿ ಕನಿಷ್ಠ 30% ಭ್ರೂಣಗಳು ಸಾಯಲೇಬೇಕು. ಸಾಯದಿದ್ದರೆ ಮೊಟ್ಟೆಗಳಲ್ಲೋ ಪರೀಕ್ಷೆ ಮಾಡಿದ ರೀತಿಯಲ್ಲೋ ಏನೋ ತಪ್ಪಿದೆ ಅಂತ ಅರ್ಥ. ಶುದ್ಧ ನೀರಿನಲ್ಲಿ ಕನಿಷ್ಠ 90% ಬದುಕಬೇಕು. ಬದುಕದಿದ್ದರೂ ಪರೀಕ್ಷೆ ರದ್ದು.

ಎಲ್‌ಸಿ50 ಅಂದರೆ ಅರ್ಧದಷ್ಟು ಭ್ರೂಣಗಳು ಸಾಯುವ ಪ್ರಮಾಣ. ಓದುವವರು ಜಾಸ್ತಿ ಎಡವುವುದು ಇಲ್ಲೇ. ಸಂಖ್ಯೆ ದೊಡ್ಡದಾದರೆ ವಿಷ ಕಡಿಮೆ, ಚಿಕ್ಕದಾದರೆ ವಿಷ ಜಾಸ್ತಿ. ಲೀಟರಿಗೆ 2 ಮಿಲಿಗ್ರಾಂಗೇ ಅರ್ಧ ಸಾಯಿಸುವ ಬಣ್ಣ, 200 ಮಿಲಿಗ್ರಾಂ ಬೇಕಾಗುವ ಬಣ್ಣಕ್ಕಿಂತ ಎಷ್ಟೋ ಕೆಟ್ಟದ್ದು ಅಲ್ವಾ?

ಸಾಯದೆ ಉಳಿದವೆಲ್ಲ ಚೆನ್ನಾಗಿವೆ ಅಂತಲೂ ಅಲ್ಲ. ಕೆಲವಕ್ಕೆ ಹೃದಯದ ಸುತ್ತ ನೀರು ತುಂಬಿ ಊದಿರುತ್ತದೆ. ಕೆಲವಕ್ಕೆ ಬೆನ್ನು ಕೊಕ್ಕೆಯ ಹಾಗೆ ಬಾಗಿರುತ್ತದೆ. ಎದೆಬಡಿತ ನಿಧಾನವಾಗಿರಬಹುದು, ಮೊಟ್ಟೆ ಒಡೆಯುವುದು ತಡವಾಗಬಹುದು. ಎಲ್‌ಸಿ50 ಲೆಕ್ಕಕ್ಕೆ ಇವು ಬರುವುದಿಲ್ಲ. ಆದರೂ ಸಂಶೋಧಕರು ಬರೆದಿಡುತ್ತಾರೆ. ಅರ್ಧ ಭ್ರೂಣಗಳಲ್ಲಿ ಊನ ಕಾಣಿಸುವ ಪ್ರಮಾಣ ಇಸಿ50. ಎಲ್‌ಸಿ50ನ್ನು ಇಸಿ50ಯಿಂದ ಭಾಗಿಸಿದರೆ ಸಿಗುವ ಸಂಖ್ಯೆ ದೊಡ್ಡದಿದ್ದರೆ, ಆ ವಸ್ತು ಕೊಲ್ಲುವುದಕ್ಕೆ ಬಹಳ ಮೊದಲೇ ಬೆಳವಣಿಗೆ ಕೆಡಿಸುತ್ತದೆ ಎಂದರ್ಥ. ನನ್ನ ಮಟ್ಟಿಗೆ ಸಾವಿನ ಲೆಕ್ಕಕ್ಕಿಂತ ಇದೇ ಹೆಚ್ಚು ಹೇಳುತ್ತದೆ. ನದಿಗೆ ಸೇರಿದ ಬಣ್ಣ ಸಾಮಾನ್ಯವಾಗಿ ತೆಳುವಾಗಿರುತ್ತದೆ. ಅಲ್ಲಿ ಮೀನು ಒಮ್ಮೆಲೇ ಸಾಯದೆ ಸೊಟ್ಟಗಾಗಿ ಬದುಕುವುದೇ ಹೆಚ್ಚು ಸಾಧ್ಯ.

1856ರಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ಹುಡುಗ ಮಲೇರಿಯಾ ಔಷಧಿ ಮಾಡಲು ಹೋಗಿ ನೇರಳೆ ಬಣ್ಣ ಮಾಡಿಬಿಟ್ಟ. ಕೃತಕ ಬಣ್ಣಗಳ ಉದ್ಯಮ ಅಲ್ಲಿಂದ ಶುರುವಾಯಿತು. ಇವತ್ತು ಸಾವಿರಾರು ಬಗೆ ಇವೆ. ಎಲ್ಲವೂ ಮೀನಿಗೆ ಒಂದೇ ರೀತಿಯ ವಿಷವಲ್ಲ. ಧನ ವಿದ್ಯುದಂಶ ಇರುವ ಬೇಸಿಕ್ ಬಣ್ಣಗಳು ಮೀನಿಗೆ ಹೆಚ್ಚು ಕೆಟ್ಟವು. ಹತ್ತಿ ಬಟ್ಟೆಗೆ ಹಾಕುವ ರಿಯಾಕ್ಟಿವ್ ಬಣ್ಣಗಳು ಸಾಮಾನ್ಯವಾಗಿ ಅಷ್ಟು ಕೆಟ್ಟವಲ್ಲ. ಆದರೆ ಅವುಗಳಲ್ಲಿ ಒಂದು ಪಾಲು ಬಟ್ಟೆಗೆ ಹಿಡಿಯದೆ ನೀರಿನಲ್ಲೇ ಉಳಿಯುತ್ತದೆ.

ಬೇಸಿಕ್ ಗುಂಪಿನ ಮ್ಯಾಲಕೈಟ್ ಗ್ರೀನ್‌ನ ಕಥೆ ವಿಚಿತ್ರ. ಮೀನಿನ ಮೊಟ್ಟೆಗೆ ಬೂಸ್ಟು ಹಿಡಿಯದಿರಲಿ ಅಂತ ಸಾಕಣೆದಾರರು ಇದನ್ನೇ ಔಷಧಿಯಾಗಿ ಬಳಸುತ್ತಿದ್ದರು! ತಿನ್ನುವ ಮೀನಿನಲ್ಲಿ ಈಗ ಹಲವು ದೇಶಗಳು ನಿಷೇಧಿಸಿವೆ. ಮೀನಿನ ಮೈಗೆ ಹೋದ ಮೇಲೆ ಅದರ ಹಸಿರು ಹೋಗುತ್ತದೆ, ಆದರೆ ಲ್ಯೂಕೋ ಎಂಬ ಬಣ್ಣವಿಲ್ಲದ ರೂಪದಲ್ಲಿ ಬಹಳ ದಿನ ಉಳಿಯುತ್ತದೆ.

ಆಜೋ ಬಣ್ಣಗಳಲ್ಲೂ ಇದೇ ಪಾಠ. ಎರಡು ನೈಟ್ರೋಜನ್‌ಗಳ ನಡುವಿನ ಬಂಧವೇ ಇವುಗಳಿಗೆ ಬಣ್ಣ ಕೊಡುವುದು. ಬ್ಯಾಕ್ಟೀರಿಯಾ ಆ ಬಂಧ ಮುರಿದರೆ ನೀರು ತಿಳಿಯಾಗುತ್ತದೆ. ನೋಡಿದವರು ಶುದ್ಧವಾಯಿತು ಅಂದುಕೊಳ್ಳುತ್ತಾರೆ. ಆದರೆ ಮುರಿದ ತುಂಡುಗಳು ಆರೊಮ್ಯಾಟಿಕ್ ಅಮೈನ್ ಎಂಬ ಬಣ್ಣವಿಲ್ಲದ ರಾಸಾಯನಿಕಗಳು. ಅವುಗಳಲ್ಲಿ ಕೆಲವು, ಬೆಂಜಿಡಿನ್ ಥರದವು, ಕ್ಯಾನ್ಸರ್ ತರುವಂಥವು. ಅದಕ್ಕೇ ಬಣ್ಣದ ಕೊಳೆನೀರಿನ ಸಂಸ್ಕರಣೆಗೆ ಮುಂಚಿನ ನೀರು, ನಂತರದ ನೀರು ಎರಡನ್ನೂ ಭ್ರೂಣದ ಮೇಲೆ ಪರೀಕ್ಷಿಸಬೇಕು. ಬಣ್ಣ ಎಷ್ಟು ಹೋಯಿತು ಎಂಬ ಶೇಕಡಾವಾರು ಲೆಕ್ಕ ಮಾತ್ರ ಕೊಡುವ ವರದಿಯನ್ನು ನಾನು ಅರ್ಧ ವರದಿ ಅಂತಲೇ ಓದುತ್ತೇನೆ.

ಬಣ್ಣಗಳನ್ನು ಪರೀಕ್ಷಿಸುವಾಗ ಬೇರೆ ತಾಪತ್ರಯಗಳೂ ಇವೆ. ನೀರು ಗಾಢವಾದರೆ ಒಳಗಿನ ಮರಿ ಕಾಣುವುದೇ ಇಲ್ಲ. ಮೊಟ್ಟೆಯನ್ನು ಎತ್ತಿ ತೊಳೆದು ನೋಡಬೇಕಾಗುತ್ತದೆ. ಪೇಟೆಯಲ್ಲಿ ಸಿಗುವ ಬಣ್ಣದ ಪುಡಿಯಲ್ಲಿ ಉಪ್ಪೂ ಬೇರೆ ಬೆರಕೆಯೂ ಇರುತ್ತದೆ. ಹಾಗಾದಾಗ ಕೊಂದದ್ದು ಬಣ್ಣವೋ ಬೆರಕೆಯೋ?

ಇನ್ನು ಮೊಟ್ಟೆಯ ಹೊರಪೊರೆ, ಕೋರಿಯಾನ್. ಅದರ ರಂಧ್ರಗಳು ತೀರಾ ಸಣ್ಣವು, ದೊಡ್ಡ ಅಣುಗಳು ಒಳಗೆ ನುಗ್ಗಲಾರವು. ಹಾಗಾಗಿ ಅಂಥ ಅಣುಗಳ ಬಣ್ಣವಾದರೆ ಎರಡು ದಿನ ಎಲ್ಲ ಮೊಟ್ಟೆಗಳೂ ಚೆನ್ನಾಗಿಯೇ ಕಾಣಬಹುದು. ಮರಿ ಪೊರೆ ಒಡೆದು ಹೊರಬಂದ ಮೇಲೆಯೇ ಅಂಥ ಬಣ್ಣ ಅದರ ಮೈಯನ್ನು ಸರಿಯಾಗಿ ಮುಟ್ಟುವುದು. ಎರಡನೇ ದಿನಕ್ಕೇ ನಿಲ್ಲಿಸಿದ ಪರೀಕ್ಷೆಗೆ ಇದು ಗೊತ್ತೇ ಆಗುವುದಿಲ್ಲ.