ಧರ್ಮಸಭೆ ಹೇಳಿದ್ದರಿಂದಲೇ ಒಂದು ಕೆಲಸ ಪಾಪವಾಗುತ್ತದೆಯೇ?

ಪ್ರಶ್ನೆ: ಯಾವುದು ಪಾಪ, ಯಾವುದು ಅಲ್ಲ ಎಂಬುದನ್ನು ಕ್ರೈಸ್ತರಲ್ಲಿ ಚರ್ಚು ತೀರ್ಮಾನಿಸುತ್ತದೆ ಎನ್ನುತ್ತಾರೆ. ಹಾಗಿದ್ದರೆ ಚರ್ಚು ಹೇಳಿತು ಎಂಬ ಒಂದೇ ಕಾರಣಕ್ಕೆ ಒಂದು ಕೆಲಸ ಪಾಪವಾಗುತ್ತದೆಯೇ? ನಾಳೆ ಅದೇ ಚರ್ಚು ಮಾತು ಬದಲಿಸಿದರೆ ಕೆಟ್ಟದ್ದು ಒಳ್ಳೆಯದಾಗಿಬಿಡುತ್ತದೆಯೇ?

ಉತ್ತರ: ಕೆಲವು ವಿಷಯಗಳಲ್ಲಿ ಹೌದು, ಆದರೆ ಈ ಪ್ರಶ್ನೆ ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವ ವಿಷಯಗಳಲ್ಲಿ ಅಲ್ಲ. ಮೊದಲು ಆ ‘ಹೌದು’ ಎಂಬ ಭಾಗವನ್ನು ಮುಗಿಸಿಬಿಡೋಣ. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರಗಳಂದು ಕಥೋಲಿಕರು ಮಾಂಸ ತಿನ್ನುವಂತಿಲ್ಲ. ಮಾಂಸದಲ್ಲಿ ಕೆಡುಕೇನೂ ಇಲ್ಲ. ಗುರುವಾರ ಉಂಡಾಗ ತಪ್ಪಲ್ಲದ ಕೋಳಿಸಾರು ಶುಕ್ರವಾರ ತಪ್ಪಾಗುವುದು ಧರ್ಮಸಭೆಯ, ಅಂದರೆ ಚರ್ಚಿನ, ಕಟ್ಟಳೆಯಿಂದ ಮಾತ್ರ. ಆದ್ದರಿಂದಲೇ ಸಭೆ ಅದನ್ನು ಸಡಿಲಿಸಬಲ್ಲದು. 1966ರಲ್ಲಿ ಪೋಪ್ ಆರನೇ ಪೌಲರು, ಶುಕ್ರವಾರದ ಮಾಂಸವರ್ಜನೆಯ ಬದಲಿಗೆ ಬೇರೆ ಬಗೆಯ ತಪಸ್ಸನ್ನು ಗೊತ್ತುಪಡಿಸುವ ಅಧಿಕಾರವನ್ನು ಆಯಾ ದೇಶದ ಬಿಷಪರ ಮಂಡಳಿಗಳಿಗೆ ಬಿಟ್ಟುಕೊಟ್ಟರು. ರಸ್ತೆಯ ಎಡಬದಿಯಲ್ಲಿ ಗಾಡಿ ಓಡಿಸುವುದರಲ್ಲಿ ಪುಣ್ಯವೇನೂ ಇಲ್ಲ, ಆದರೆ ನಿಯಮವಿದ್ದ ಮೇಲೆ ಅದನ್ನು ಮೀರುವುದು ತಪ್ಪು. ಇದೂ ಅಂಥದ್ದೇ.

ಕೊಲೆ, ಸುಳ್ಳುಸಾಕ್ಷಿ, ಕೂಲಿಯವನ ಸಂಬಳ ನುಂಗುವುದು ಇವು ಆ ಜಾತಿಗೆ ಸೇರಿದವಲ್ಲ. ಇಲ್ಲಿ ಪ್ರಶ್ನೆ ಸಭೆಯನ್ನು ದಾಟಿ ದೇವರವರೆಗೂ ಹೋಗುತ್ತದೆ. ದೇವರಿಗೆ ಒಪ್ಪಿಗೆಯಾದ್ದರಿಂದ ಒಂದು ಕೆಲಸ ಒಳ್ಳೆಯದೋ, ಒಳ್ಳೆಯದಾದ್ದರಿಂದ ದೇವರಿಗೆ ಒಪ್ಪಿಗೆಯೋ ಎಂದು ಕ್ರಿಸ್ತನಿಗಿಂತ ಸುಮಾರು 400 ವರ್ಷ ಮೊದಲೇ ಅಥೆನ್ಸಿನಲ್ಲಿ ಸಾಕ್ರಟೀಸ್ ಕೇಳಿದ್ದನು. ಹದಿನಾಲ್ಕನೇ ಶತಮಾನದ ಇಂಗ್ಲಿಷ್ ಸನ್ಯಾಸಿ ಒಕಾಮಿನ ವಿಲಿಯಂ ದೇವರ ಸ್ವಾತಂತ್ರ್ಯವನ್ನು ಎಷ್ಟು ಎತ್ತಿಹಿಡಿದನೆಂದರೆ, ದೇವರು ತನ್ನನ್ನೇ ದ್ವೇಷಿಸಿರಿ ಎಂದು ಆಜ್ಞಾಪಿಸಲೂಬಹುದೇ ಎಂಬಲ್ಲಿಯವರೆಗೆ ಅವನ ವಾದ ಹೋಯಿತು. ಹೆಚ್ಚಿನ ಕ್ರೈಸ್ತರು ಅವನನ್ನು ಹಿಂಬಾಲಿಸಲಿಲ್ಲ. ಅವರು ಒಪ್ಪಿದ್ದು, ಅವನಿಗಿಂತ ಒಂದೆರಡು ತಲೆಮಾರು ಹಿಂದಿನ ಧರ್ಮಪಂಡಿತ ತೋಮಸ್ ಅಕ್ವೈನಸರ ಉತ್ತರವನ್ನು: ಒಳ್ಳೆಯತನವೆಂಬುದು ದೇವರ ಮೇಲಿರುವ ಇನ್ನೊಂದು ಕಾನೂನಲ್ಲ, ದೇವರು ಮನಬಂದಂತೆ ಹೊರಡಿಸಿದ ಆಜ್ಞೆಯೂ ಅಲ್ಲ, ಅದು ದೇವರ ಸ್ವಭಾವವೇ, ಮತ್ತು ಆ ಸ್ವಭಾವದ ಗುರುತನ್ನು ಮನುಷ್ಯನ ವಿವೇಕ ಸೃಷ್ಟಿಯಲ್ಲಿಯೇ ಅಷ್ಟಿಷ್ಟು ಓದಬಲ್ಲದು. ಬೈಬಲಿನಲ್ಲಿ, ಪಾಪಕ್ಕಾಗಿ ನಾಶವಾಗಲಿದ್ದ ಸೊದೋಮ್ ಊರಿನ ವಿಷಯದಲ್ಲಿ ಅಬ್ರಹಾಮನು ದೇವರೊಂದಿಗೇ ಚೌಕಾಶಿಗೆ ನಿಂತು, ಲೋಕಕ್ಕೆಲ್ಲ ನ್ಯಾಯ ತೀರಿಸುವವನು ನ್ಯಾಯವನ್ನೇ ಮಾಡಬೇಡವೇ ಎಂದು ಕೇಳಲು ಸಾಧ್ಯವಾದದ್ದು ಇದರಿಂದಲೇ. ಆಜ್ಞೆಯೊಂದೇ ನ್ಯಾಯವಾಗಿದ್ದರೆ ಆ ಪ್ರಶ್ನೆಗೆ ಅರ್ಥವೇ ಇರುತ್ತಿರಲಿಲ್ಲ. ಮೋಶೆಯ ಧರ್ಮಶಾಸ್ತ್ರವನ್ನು ಪಡೆಯದ ಅನ್ಯಜನರ ಹೃದಯದಲ್ಲಿಯೂ ಅದರ ಬೇಡಿಕೆ ಬರೆದಿದೆ, ಅವರ ಮನಸ್ಸಾಕ್ಷಿ ಅದಕ್ಕೆ ಸಾಕ್ಷಿ ಹೇಳುತ್ತದೆ ಎಂದು ಯೇಸುವಿನ ಪ್ರೇಷಿತ ಪೌಲನು ರೋಮಿನವರಿಗೆ ಬರೆಯುತ್ತಾನೆ. ಕ್ರೈಸ್ತರಲ್ಲದವರು ಒಳ್ಳೆಯವರಾಗಿರಬಲ್ಲರೇ ಎಂಬ ಉಪಪ್ರಶ್ನೆಗೂ ಇದೇ ಉತ್ತರವಾದೀತು.

ಹಾಗಾದರೆ ಸಭೆಗೆ ಇರುವ ಅಧಿಕಾರ ಎಂಥದ್ದು? ಅದು ಸಾಕ್ಷಿಯ ಮತ್ತು ಶಿಕ್ಷಕನ ಅಧಿಕಾರ, ನಿರ್ಮಾತೃವಿನದಲ್ಲ. ಸಭೆಯ ಬೋಧನಾಧಿಕಾರವು ದೇವರ ವಾಕ್ಯಕ್ಕಿಂತ ಮೇಲಲ್ಲ, ಅದರ ಸೇವೆಗಿದೆ ಎಂದು ಲೋಕದ ಕಥೋಲಿಕ ಬಿಷಪರು ಕೂಡಿದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟವಾಗಿಯೇ ಹೇಳಿತು. ನಂಬಿಕೆ, ನೀತಿಗಳ ಬಗ್ಗೆ ವಿಧಿವತ್ತಾಗಿ ಬೋಧಿಸುವಾಗ ಪೋಪರು ತಪ್ಪುವುದಿಲ್ಲ ಎಂಬ 1870ರ ಘೋಷಣೆಯನ್ನು ಜನ ಬಹಳ ದೊಡ್ಡದಾಗಿ ಕಲ್ಪಿಸಿಕೊಳ್ಳುತ್ತಾರೆ. ಆಮೇಲೆ ಅದನ್ನು ವಿಧಿವತ್ತಾಗಿ ಬಳಸಿದ್ದು ಒಂದೇ ಸಲ, 1950ರಲ್ಲಿ, ಯೇಸುವಿನ ತಾಯಿ ಮರಿಯಮ್ಮನವರ ಸ್ವರ್ಗಸ್ವೀಕಾರದ, ಅಂದರೆ ಅವರನ್ನು ದೇಹಸಹಿತ ಸ್ವರ್ಗಕ್ಕೆ ಒಯ್ಯಲಾಯಿತು ಎಂಬುದರ ಬಗ್ಗೆ. ಅದು ನೀತಿಗೆ ಸಂಬಂಧಿಸಿದ್ದೇ ಅಲ್ಲ.

ತತ್ವ ಹೀಗಿದ್ದರೂ ಇತಿಹಾಸ ಅದಕ್ಕೆ ಒಪ್ಪುತ್ತದೆಯೇ ಎಂದು ಓದುಗರು ಕೇಳುವುದು ಸರಿಯೇ. ಸಭೆ ಮಾತು ಬದಲಿಸಿದ ಉದಾಹರಣೆಗಳು ಇವೆ. ಬಡ್ಡಿಯನ್ನು ತೆಗೆದುಕೊಳ್ಳಿ. ಬಡ್ಡಿ ವ್ಯವಹಾರ ನಡೆಸುವುದು ಎಲ್ಲರಿಗೂ ಗೊತ್ತಿದ್ದವನಿಗೆ ಕ್ರೈಸ್ತ ಸಮಾಧಿಯೂ ಇಲ್ಲವೆಂದು 1179ರ ಲ್ಯಾಟರನ್ ಮಹಾಸಭೆ ವಿಧಿಸಿತು. ಬಡ್ಡಿ ಪಾಪವಲ್ಲವೆಂದು ಹಟ ಹಿಡಿಯುವವನನ್ನು ಪಾಷಂಡಿಯೆಂದು ದಂಡಿಸಬೇಕೆಂದು 1311–12ರ ವಿಯೆನ್ ಮಹಾಸಭೆ ಹೇಳಿತು. 1745ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟರು ಸಾಲದ ಹೆಸರಿನಲ್ಲಿಯೇ ಲಾಭ ಕೇಳುವುದು ತಪ್ಪೆಂದು ಮತ್ತೆ ಸಾರಿದರು, ಆದರೆ ಸಾಲಕ್ಕೆ ಹೊರಗಿನ ನ್ಯಾಯವಾದ ಕಾರಣಗಳಿಗಾಗಿ ಹೆಚ್ಚಿನ ಹಣ ಪಡೆಯಬಹುದೆಂದು ಒಪ್ಪಿದರು. ಸಭೆಯ ಕಾನೂನು ಗ್ರಂಥವಾದ 1917ರ ಧರ್ಮಸಂಹಿತೆ ಕಾನೂನುಬದ್ಧ ಬಡ್ಡಿಗೆ ಬಾಗಿಲನ್ನೇ ತೆರೆಯಿತು. ಬರಗಾಲದಲ್ಲಿ ಕಾಳಿಗಾಗಿ ಸಾಲ ಮಾಡುವವನಿಂದ ಬಡ್ಡಿ ಕೀಳುವುದಕ್ಕೂ ಬಂಡವಾಳವಾಗಿ ಹಣ ಹೂಡುವುದಕ್ಕೂ ವ್ಯತ್ಯಾಸವಿದೆ, ಬದಲಾದದ್ದು ನೀತಿಯಲ್ಲ, ಹಣದ ಸ್ವರೂಪ ಎಂಬುದು ಕಥೋಲಿಕ ಪಂಡಿತರ ಸಮರ್ಥನೆ. ಇದರಲ್ಲಿ ಹುರುಳಿಲ್ಲದೆ ಇಲ್ಲ. ಪೂರ್ತಿ ನಂಬಲು ನನಗೆ ಕಷ್ಟವಾಗುತ್ತದೆ ಎಂಬುದೂ ನಿಜ.

ಗುಲಾಮಗಿರಿಯ ವಿಷಯದಲ್ಲಿ ಆ ಸಮರ್ಥನೆಯೂ ಸಿಗುವುದಿಲ್ಲ. 1452ರಲ್ಲಿ ಪೋಪ್ ಐದನೇ ನಿಕೋಲಾಸರು ಸರಾಸೆನರನ್ನೂ (ಅಂದರೆ ಮುಸ್ಲಿಮರನ್ನೂ) ಇತರ ಅನ್ಯಮತೀಯರನ್ನೂ ಶಾಶ್ವತ ದಾಸ್ಯಕ್ಕೆ ಒಳಪಡಿಸುವ ಅಧಿಕಾರವನ್ನು ಪೋರ್ಚುಗಲ್ ಅರಸನಿಗೆ ಬರೆದುಕೊಟ್ಟರು. 1537ರಲ್ಲಿ ಮೂರನೇ ಪೌಲರು ಅಮೆರಿಕದ ಮೂಲನಿವಾಸಿಗಳನ್ನು ದಾಸರನ್ನಾಗಿಸಕೂಡದು ಎಂದರು, 1839ರಲ್ಲಿ ಹದಿನಾರನೇ ಗ್ರೆಗರಿಯವರು ಗುಲಾಮರ ವ್ಯಾಪಾರವನ್ನು ಖಂಡಿಸಿದರು. ಇಷ್ಟಾದ ಮೇಲೂ 1866ರಲ್ಲಿ ಸಭೆಯ ಬೋಧನೆಯ ಕಾವಲಿಗಿದ್ದ ರೋಮಿನ ಪವಿತ್ರ ಕಚೇರಿ, ಇಥಿಯೋಪಿಯಾದಲ್ಲಿದ್ದ ಮಿಷನರಿ ಬಿಷಪರೊಬ್ಬರ ಪ್ರಶ್ನೆಗೆ ಉತ್ತರಿಸುತ್ತ, ದಾಸ್ಯವೆಂಬುದು ತನ್ನಷ್ಟಕ್ಕೆ ಸಹಜ ಧರ್ಮಕ್ಕೆ ವಿರುದ್ಧವಲ್ಲ ಎಂದಿತು. 1993ರಲ್ಲಿ ಎರಡನೇ ಜಾನ್ ಪೌಲರು ಎಂಥ ಸಂದರ್ಭದಲ್ಲಿಯೂ ಸಮರ್ಥಿಸಲಾಗದ ಕೃತ್ಯಗಳ ಪಟ್ಟಿಯಲ್ಲಿ ಅದೇ ದಾಸ್ಯವನ್ನು ಸೇರಿಸಿದರು. ಮಾತಿನ ಚಮತ್ಕಾರದಿಂದ ಇವೆರಡನ್ನು ಕೂಡಿಸಲು ಹೊರಟವರಿದ್ದಾರೆ; ಕೂಡುವುದಿಲ್ಲ.

ನನ್ನ ಎಣಿಕೆಯಲ್ಲಿ ಓದುಗರ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲಿದೆ. ಒಳ್ಳೆಯದು ಕೆಟ್ಟದ್ದನ್ನು ಸಭೆಯೇ ಉಂಟುಮಾಡುವುದಾಗಿದ್ದರೆ ಮನುಷ್ಯರನ್ನು ಮಾರುವುದು 1866ರಲ್ಲಿ ಸರಿಯಾಗಿದ್ದು 1993ರ ಹೊತ್ತಿಗೆ ತಪ್ಪಾಯಿತು ಎಂದು ಹೇಳಬೇಕಾಗುತ್ತದೆ. ಹಾಗೆ ಹೇಳುವ ಕ್ರೈಸ್ತನನ್ನು ನಾನು ಕಂಡಿಲ್ಲ. ಅದು ಮೊದಲಿನಿಂದಲೂ ತಪ್ಪೇ ಆಗಿತ್ತು, ಅಧಿಕಾರದಲ್ಲಿದ್ದವರಿಗೆ ಕಾಣಲಿಲ್ಲ ಎನ್ನುತ್ತಾರೆ. ಹಾಗೆನ್ನುವಾಗ ಸಭೆಯನ್ನೇ ಅಳೆಯುವ ಒಂದು ಅಳತೆಗೋಲು ಸಭೆಯ ಆಚೆಗಿದೆ ಎಂದು ಒಪ್ಪಿಯೇ ಒಪ್ಪುತ್ತಾರೆ. ಆ ಗೋಲು ಕೆಲವರ ಕೈಗೆ ಮೊದಲೇ ಸಿಕ್ಕಿತ್ತು. ದೇವರ ಸ್ವರೂಪದಲ್ಲಿ ಸೃಷ್ಟಿಯಾದವನಿಗೆ ಬೆಲೆ ಕಟ್ಟುವವರು ಯಾರು ಎಂಬ ಅರ್ಥದಲ್ಲಿ ಬಿಷಪ್ ನಿಸ್ಸಾದ ಗ್ರೆಗರಿ ನಾಲ್ಕನೇ ಶತಮಾನದಲ್ಲಿಯೇ ಪ್ರವಚನ ಮಾಡಿದ್ದರು. 1688ರಲ್ಲಿ ಪೆನ್ಸಿಲ್ವೇನಿಯಾದ ಜರ್ಮನ್‌ಟೌನಿನಲ್ಲಿ ಪೌರೋಹಿತ್ಯದ ಯಾವ ಸ್ಥಾನವೂ ಇಲ್ಲದ, ಕ್ವೇಕರ್ ಎಂಬ ಕ್ರೈಸ್ತ ಪಂಥದವರು ದಾಸ್ಯದ ವಿರುದ್ಧ ಮನವಿ ಬರೆದರು.

ಹಾಗೆಂದು ಮನಸ್ಸಿಗೆ ತೋಚಿದ್ದೇ ಧರ್ಮವೆಂದಲ್ಲ. ತಪ್ಪು ತಿಳಿದ ಮನಸ್ಸಾಕ್ಷಿಯನ್ನೂ ಮೀರಕೂಡದು ಎಂದವರು ಅಕ್ವೈನಸರೇ, ನಿಜ. ಕ್ರಿಸ್ತನಲ್ಲಿ ನಂಬಿಕೆಯಿಡುವುದು ಕೆಟ್ಟದ್ದೆಂದು ಒಬ್ಬನ ವಿವೇಕಕ್ಕೆ ತೋರಿದರೆ ಅವನು ನಂಬುವುದೂ ತಪ್ಪಾದೀತು ಎನ್ನುವಷ್ಟು ದೂರ ಅವರು ಹೋಗುತ್ತಾರೆ. ಆದರೆ ಜೊತೆಗೇ, ತಿಳಿಯಬೇಕಾದ್ದನ್ನು ಅಸಡ್ಡೆಯಿಂದ ತಿಳಿಯದೆ ಹೋದವನಿಗೆ ಕ್ಷಮೆಯಿಲ್ಲವೆಂದೂ ಹೇಳುತ್ತಾರೆ. ಸಭೆಯ ಬೋಧನೆಗೆ ತೂಕ ಬರುವುದು ಈ ಎರಡನೆಯ ಮಾತಿನಿಂದ: ಸಾವಿರಾರು ವರ್ಷಗಳ ಅನುಭವವನ್ನು ಕೇಳಿಸಿಕೊಳ್ಳದೆ ತಳ್ಳಿಹಾಕುವವನು ತನ್ನ ಮನಸ್ಸಾಕ್ಷಿಗೇ ಮೋಸ ಮಾಡುತ್ತಾನೆ. 1521ರಲ್ಲಿ ವರ್ಮ್ಸ್ ನಗರದಲ್ಲಿ ಚಕ್ರವರ್ತಿಯೆದುರು ನಿಂತ ಪ್ರಾಟೆಸ್ಟೆಂಟ್ ಸುಧಾರಕ ಲೂಥರ್ ಕೂಡ ತನ್ನ ಮನಸ್ಸಾಕ್ಷಿ ದೇವರ ವಾಕ್ಯಕ್ಕೆ ಸೆರೆಯಾಗಿದೆ ಎಂದನೇ ಹೊರತು ಅದು ಸ್ವತಂತ್ರವೆನ್ನಲಿಲ್ಲ. ಕಥೋಲಿಕರ ಪಾಳೆಯದಲ್ಲಿ ಇಂಗ್ಲಿಷ್ ಪಾದ್ರಿ ಜಾನ್ ಹೆನ್ರಿ ನ್ಯೂಮನ್ 1875ರಲ್ಲಿ, ಊಟದ ನಂತರ ಶುಭಕೋರಿ ಕುಡಿಯಲೇಬೇಕಾದರೆ ಪೋಪರಿಗೂ ಕುಡಿಯುತ್ತೇನೆ, ಆದರೆ ಮೊದಲು ಮನಸ್ಸಾಕ್ಷಿಗೆ ಎಂದು ಬರೆದರು. ನಾಲ್ಕು ವರ್ಷಗಳ ನಂತರ ರೋಮು ಅವರನ್ನು ಕಾರ್ಡಿನಲ್ ಮಾಡಿತು, 2019ರಲ್ಲಿ ಸಂತರ ಸಾಲಿಗೆ ಸೇರಿಸಿತು.

ಈಗ ನಡೆಯುತ್ತಿರುವ ಜಗಳ ಮರಣದಂಡನೆಯದು. ಅದು ಸ್ವೀಕಾರಾರ್ಹವಲ್ಲವೆಂದು 2018ರಲ್ಲಿ ಪೋಪ್ ಫ್ರಾನ್ಸಿಸರು ಸಭೆಯ ಅಧಿಕೃತ ಧರ್ಮೋಪದೇಶ ಗ್ರಂಥದ 2267ನೇ ಪರಿಚ್ಛೇದವನ್ನು ತಿದ್ದಿಸಿದರು. ಕೊಲೆಗಡುಕನಿಗೆ ತಕ್ಕ ದಂಡನೆ ನ್ಯಾಯದ ಅಂಗವಲ್ಲವೇ ಎಂದು ವಿರೋಧಿಸುವವರು ಕೇಳುತ್ತಾರೆ. ಘೋರ ಅಪರಾಧ ಮಾಡಿದವನೂ ಮನುಷ್ಯನ ಘನತೆಯನ್ನು ಕಳೆದುಕೊಳ್ಳುವುದಿಲ್ಲ ಎಂದು ಪರವಾದವರು ಉತ್ತರಿಸುತ್ತಾರೆ. ರೋಮು ತಿದ್ದಿತು, ಆದ್ದರಿಂದ ಇಂದಿನಿಂದ ಅದು ಕೆಟ್ಟದ್ದು ಎಂದು ಆ ತಿದ್ದುಪಡಿಯ ಕಟ್ಟಾ ಬೆಂಬಲಿಗರೂ ವಾದಿಸುವುದಿಲ್ಲ.