ಗುಳಿಗಿ ನಾಲ್ಕು ತಿಂಗಳು ತಪ್ಪಿದಾವು, ಮತ್ತ ಹೋದ್ರ ಕೊಡ್ತಾರೇನ್ರಿ?

ಪ್ರಶ್ನೆ: ಆರು ವರ್ಷದಿಂದ ಹುಬ್ಬಳ್ಳ್ಯಾಗ ಎಚ್‌ಐವಿ ಗುಳಿಗಿ ತಗೋತಿದ್ದೆ. ಗೋವಾಕ್ಕ ದುಡಿಯಾಕ ಹೋದಾಗ ನಾಲ್ಕು ತಿಂಗಳು ತಪ್ಪಿದಾವು. ಮೈಗೇನೂ ಆಗಿಲ್ಲ. ಈಗ ಹೋದ್ರ ಬೈತಾರೇನ್ರಿ? ಗುಳಿಗಿ ಕೊಡ್ತಾರೋ ಇಲ್ಲೋ? (ಗದಗ ಜಿಲ್ಲೆಯ ಓದುಗರು)

ಉತ್ತರ: ಕೊಡುತ್ತಾರೆ. ಈ ವಾರವೇ ಹೋಗಿರಿ. ಸರ್ಕಾರಿ ಎಆರ್‌ಟಿ ಕೇಂದ್ರಗಳು (ಎಚ್‌ಐವಿ ಗುಳಿಗೆ ಕೊಡುವ ಚಿಕಿತ್ಸಾ ಕೇಂದ್ರಗಳು) 2004ರಲ್ಲಿ ಶುರುವಾದಾಗಿನಿಂದ ಗುಳಿಗೆ ಉಚಿತ. ನಡುವೆ ಬಿಟ್ಟವರನ್ನು ಹೊರಗಿಡುವ ನಿಯಮವಿಲ್ಲ. ಬಾರದವರಿಗೆ ಫೋನ್ ಹಚ್ಚಿ ಕರೆತರುವುದೇ ಅಲ್ಲಿಯವರ ಕೆಲಸ. ಯಾರಾದರೂ ಒಂದು ಮಾತು ಬಿರುಸಾಗಿ ಆಡಿದರೆ ಅದು ಅವರ ತಪ್ಪು. ಅದಕ್ಕಾಗಿ ನೀವು ತಿರುಗಿ ಬರಬೇಡಿ, ಆಪ್ತಸಮಾಲೋಚಕರನ್ನು ಕೇಳಿ ಒಳಗೆ ಹೋಗಿರಿ.

ನನಗೆ ಚಿಂತೆ ಹಚ್ಚಿದ್ದು ನಿಮ್ಮ ‘ಮೈಗೇನೂ ಆಗಿಲ್ಲ’ ಎಂಬ ಮಾತು. ಗುಳಿಗೆ ವೈರಸ್ಸನ್ನು ಬೆಳೆಯಗೊಡುವುದಿಲ್ಲ ನಿಜ, ಆದರೆ ಬೇರುಸಹಿತ ಕೀಳುವುದೂ ಇಲ್ಲ. ಕೆಲವು ಜೀವಕೋಶಗಳಲ್ಲಿ ಅದು ಅಡಗಿಯೇ ಇರುತ್ತದೆ. ಗುಳಿಗೆ ನಿಂತರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ರಕ್ತದಲ್ಲಿ ಮತ್ತೆ ಏರುತ್ತದೆ; ಮೈಗೆ ಅದು ತಿಳಿಯಲು ತಿಂಗಳುಗಳೇ ಬೇಕಾಗಬಹುದು. ಅಷ್ಟರೊಳಗೆ ಕ್ಷಯ ಹೊಕ್ಕಿರಬಹುದು. ಹಾಗಾಗಿ ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿದದ್ದು, ಏನಿದ್ದರೂ ಮುಚ್ಚಿಡಬೇಡಿ. ಕ್ಷಯದ ಔಷಧಿ ರಿಫಾಂಪಿಸಿನ್ ಶುರುವಾದರೆ ಎಚ್‌ಐವಿ ಗುಳಿಗೆಯಲ್ಲಿರುವ ಡೊಲುಟೆಗ್ರಾವಿರ್ ಎಂಬ ಔಷಧಿಯ ಪ್ರಮಾಣವನ್ನೇ ಹೆಚ್ಚಿಸಬೇಕಾಗುತ್ತದೆ. ಮೈಯ ರೋಗನಿರೋಧಕ ಶಕ್ತಿ ಎಷ್ಟಿದೆ ಎಂದು ತಿಳಿಯಲು ಸಿಡಿ4 ಪರೀಕ್ಷೆ ಮಾಡುತ್ತಾರೆ, ಮುಂದೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ನೋಡುವ ವೈರಲ್ ಲೋಡ್ ಪರೀಕ್ಷೆ ಕೂಡ. ವೈರಸ್ ಪತ್ತೆಯಾಗದಷ್ಟು ಇಳಿದು ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ. ಅಲ್ಲಿಯವರೆಗೆ ಕಾಂಡೋಮ್ ಬೇಕೇ ಬೇಕು.

ಇನ್ನು ಗೋವಾದ ಮಾತು. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಗೋವಾ, ಮಂಗಳೂರು ಅಂತ ದುಡಿಯಲು ಹೋಗುವವರು ಎಷ್ಟು ಮಂದಿ! ಚಿಕಿತ್ಸೆ ತಪ್ಪುವುದು ಬಹಳ ಸಲ ಬಸ್‌ಚಾರ್ಜಿಗೆ, ಒಂದು ದಿನದ ಪಗಾರಕ್ಕೆ. ಇದನ್ನು ಅಲಕ್ಷ್ಯ ಅನ್ನುವುದು ಅನ್ಯಾಯ. ಹೋಗುವ ಮೊದಲೇ ಕೇಂದ್ರದಲ್ಲಿ ಹೇಳಿರಿ. ಆರೋಗ್ಯ ಸ್ಥಿರವಾಗಿದ್ದವರಿಗೆ ಒಮ್ಮೆಲೇ ಮೂರು ತಿಂಗಳ ಗುಳಿಗೆ ಕೊಡುವುದುಂಟು. ಹೆಚ್ಚು ದಿನ ಇರುವುದಾದರೆ ಅಲ್ಲಿನ ಕೇಂದ್ರಕ್ಕೆ ಟ್ರಾನ್ಸ್‌ಫರ್ ಬರೆಸಿಕೊಳ್ಳಿರಿ.

ಊರಲ್ಲಿ ಯಾರಾದರೂ ನೋಡಿಯಾರೆಂಬ ಅಂಜಿಕೆಗೆ ದೂರದ ಕೇಂದ್ರ ಹಿಡಿದವರೂ ಇದ್ದಾರೆ. ನಿಮ್ಮ ಒಪ್ಪಿಗೆಯಿಲ್ಲದೆ ಸಿಬ್ಬಂದಿ ವಿಷಯ ಹೊರಗೆ ಹೇಳುವುದನ್ನು 2017ರ ಎಚ್‌ಐವಿ ಕಾಯ್ದೆ ನಿಷೇಧಿಸುತ್ತದೆ. ಏನಾದರೂ ಕೇಳುವುದಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿರಿ, ಅದಕ್ಕೆ ದುಡ್ಡಿಲ್ಲ.

ಹೋಗುವಾಗ ಚಿಕಿತ್ಸೆಯ ಹಸಿರು ಪುಸ್ತಕ ಮತ್ತು ಉಳಿದ ಗುಳಿಗೆಯ ಡಬ್ಬಿ ಒಯ್ಯಿರಿ. ಪುಸ್ತಕ ಕಳೆದಿದ್ದರೂ ಹೋಗಿರಿ, ಹೆಸರು ಅವರಲ್ಲಿ ದಾಖಲಾಗಿರುತ್ತದೆ.